ಬ್ಲೂಗ್ರಾಸ್ ಗಾಯನದ ಬಿಲ್ ಮನ್ರೋ

ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ, ಕನ್ನಡದ ಸಂಬಂಧವೇ ಇಲ್ಲದ ಒಬ್ಬ ಅಮೆರಿಕನ್ ಗಾಯಕರ ಚರಿತ್ರೆಯೇಕೆಂದು ವಾಚಕರು ಕೇಳಿಯಾರು. ಕೇಳುವುದು ನ್ಯಾಯವೇ. ನಮ್ಮ ಸಂಚಿಕೆಯ ಸಂಪಾದಕರೂ ಮೊದಲು ಹುಬ್ಬು ಗಂಟಿಕ್ಕಿದರು. ನಾವು ಸಂಗೀತಶಾಸ್ತ್ರ ಬಲ್ಲವರೂ ಅಲ್ಲ. ಬ್ಯಾಂಕಿನ ಜಮಾಖರ್ಚುಗಳ ನಡುವೆ ದಿನ ಕಳೆಯುವವರು. ಮಳೆಗಾಲದ ಒಂದು ದಿನ ಲೋಕಲ್ ಗಾಡಿಗಳು ನಿಂತುಹೋಗಿ, ಕಚೇರಿಯ ಮಿತ್ರರೊಬ್ಬರ ಮನೆಯಲ್ಲಿ ರಾತ್ರಿ ಉಳಿಯಬೇಕಾಗಿ ಬಂತು. ಆ ಮಿತ್ರರಿಗೆ ಪಾಶ್ಚಾತ್ಯ ಸಂಗೀತದ ಗೀಳು. ಅಂದು ಅವರು ತೋರಿಸಿದ ಒಂದು ಹಳೆಯ ಚಿತ್ರದಲ್ಲಿ ಬಯಲಿನ ಕಚೇರಿಯೊಂದು ನಡೆಯುತ್ತಿತ್ತು. ಸುತ್ತ ಮರಗಳು, ಹಲಗೆಯ ವೇದಿಕೆ, ಅದರ ಮೇಲೆ ಟೋಪಿ ಇಟ್ಟು ಟೈ ಕಟ್ಟಿದ ಐದು ಮಂದಿ. ನಡುವೆ ಎತ್ತರದ ನಿಲುವಿನ, ನಗುವನ್ನು ಬಹಳ ಲೆಕ್ಕವಾಗಿ ಖರ್ಚು ಮಾಡುವ ಒಬ್ಬ ಹಿರಿಯರು, ಎದೆಗೊತ್ತಿಕೊಂಡ ಮ್ಯಾಂಡೊಲಿನ್. ಅವರು ತಾರಸ್ಥಾಯಿಯಲ್ಲಿ ದನಿ ಎತ್ತಿದ ಕೂಡಲೇ, ಕಾಫಿಯ ಲೋಟ ಕೈಯಲ್ಲಿದ್ದ ಹಾಗೆಯೇ ನಾವು ಸುಮ್ಮನಾದೆವು. ಹಾಡಿನ ಮಾತು ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೆ ಯಾರೋ ದೂರದಿಂದ ತಮ್ಮ ಊರನ್ನು ಕೂಗಿ ಕರೆಯುತ್ತಿದ್ದಾರೆ ಎಂಬುದು ಮಾತ್ರ ಚೆನ್ನಾಗಿ ತಿಳಿಯಿತು.

ಆಮೇಲೆ ಅವರ ಜೀವನ ವೃತ್ತಾಂತವನ್ನು ಓದಿ ನೋಡಿದೆವು. ಹಳ್ಳಿಯ ಸಂಗೀತವೆಂದು ಜಗತ್ತೆಲ್ಲ ಹೇಳುವ ಈ ಗಾನ, ಹಳ್ಳಿಯಲ್ಲಿ ಕುಳಿತವರಿಂದ ಹುಟ್ಟಿದ್ದಲ್ಲ. ಹಳ್ಳಿ ಬಿಟ್ಟು ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಹೋದವರಿಂದ ಹುಟ್ಟಿದ್ದು. ಈ ಒಂದು ಕಾರಣಕ್ಕಾಗಿ ಅವರ ಕಥೆಯನ್ನು ನಮ್ಮವರಿಗೆ ಹೇಳಬೇಕೆನಿಸಿತು.

ವಿಲಿಯಂ ಸ್ಮಿತ್ ಮನ್ರೋ ಅವರು ಜನಿಸಿದುದು 1911ರ ಸೆಪ್ಟೆಂಬರ್ 13ರಂದು, ಕೆಂಟಕಿ ಸಂಸ್ಥಾನದ ಪಶ್ಚಿಮ ಭಾಗದಲ್ಲಿರುವ ರೋಸೀನ್ ಎಂಬ ಸಣ್ಣ ಹಳ್ಳಿಯ ಬಳಿ. ಎಂಟು ಮಕ್ಕಳಲ್ಲಿ ಕೊನೆಯವರು. ತಂದೆಗೆ ಬೇಸಾಯ, ಮರ ಕಡಿಸಿ ಕೊಯ್ಯಿಸುವ ಉದ್ಯೋಗ. ತಾಯಿ ಪಿಟೀಲು ಬಾರಿಸುತ್ತಿದ್ದರು, ಹಾಡುತ್ತಿದ್ದರು. ಬಿಲ್ ಅವರಿಗೆ ಹುಟ್ಟಿನಿಂದಲೇ ಮೆಳ್ಳೆಗಣ್ಣು, ದೃಷ್ಟಿಯೂ ಮಂದ. ಊರ ಹುಡುಗರ ಹಾಸ್ಯಕ್ಕೆ ಅಂಜಿ, ಹೊಸಬರು ಮನೆಗೆ ಬಂದರೆ ಓಡಿ ಅಡಗಿಕೊಳ್ಳುತ್ತಿದ್ದರಂತೆ. ಮುಂದೆ ಶಸ್ತ್ರಚಿಕಿತ್ಸೆಯಿಂದ ಕಣ್ಣು ಸರಿಹೋಯಿತಾದರೂ ಆ ಸಂಕೋಚ, ಜನರಿಂದ ಒಂದು ಮಾರು ದೂರ ನಿಲ್ಲುವ ಆ ಸ್ವಭಾವ, ಕಡೆಯವರೆಗೂ ಉಳಿಯಿತು. ಬಾಲ್ಯದಲ್ಲಿ ಅವರು ಹಾಡು ಕಲಿತದ್ದು ಹೆಚ್ಚಾಗಿ ಹೊಲದಲ್ಲಿ, ಯಾರ ಕಿವಿಗೂ ಬೀಳದಷ್ಟು ದೂರದಲ್ಲಿ.

ಮನೆಯಲ್ಲಿ ಅಣ್ಣಂದಿರಾದ ಬರ್ಚ್ ಮತ್ತು ಚಾರ್ಲಿ ಪಿಟೀಲನ್ನೂ ಗಿಟಾರನ್ನೂ ಮೊದಲೇ ಹಿಡಿದುಕೊಂಡಿದ್ದರು. ಕಿರಿಯವನ ಪಾಲಿಗೆ ಉಳಿದದ್ದು ಯಾರಿಗೂ ಬೇಡವಾದ ಮ್ಯಾಂಡೊಲಿನ್. ಅದರ ಎಂಟು ತಂತಿಗಳಲ್ಲಿ ನಾಲ್ಕನ್ನು ತೆಗೆದುಹಾಕಿಸಿದರಂತೆ, ತಮ್ಮನ ಸದ್ದು ಅಣ್ಣಂದಿರ ಸದ್ದನ್ನು ಮೀರಬಾರದೆಂದು! ಕೂಡು ಕುಟುಂಬದಲ್ಲಿ ಕೊನೆಯ ಮಗನಾಗಿ ಬೆಳೆದ ವಾಚಕರಿಗೆ ಇದರ ವಿವರಣೆ ಬೇಕಾಗಿಲ್ಲ. ಮುಂದೆ ಆ ಬೇಡದ ವಾದ್ಯವೇ ಒಂದು ಸಂಗೀತ ಪದ್ಧತಿಗೆ ಬೆನ್ನೆಲುಬಾದುದು ವಿಧಿಯ ವಿನೋದವೆನ್ನಬೇಕು.

ಹತ್ತನೆಯ ವಯಸ್ಸಿಗೆ ತಾಯಿ ತೀರಿಕೊಂಡರು, ಹದಿನಾರಕ್ಕೆ ತಂದೆ. ಅಣ್ಣಂದಿರು ಕೆಲಸ ಹುಡುಕಿಕೊಂಡು ಉತ್ತರಕ್ಕೆ ಹೊರಟುಹೋಗಿದ್ದರು. ಹುಡುಗನನ್ನು ಇಟ್ಟುಕೊಂಡವರು ತಾಯಿಯ ಅಣ್ಣ, ಸೋದರಮಾವ ಪೆಂಡಲ್ಟನ್ ವ್ಯಾಂಡಿವರ್. ಅವರನ್ನು ಎಲ್ಲರೂ ಪೆನ್ ಮಾವ ಎಂದೇ ಕರೆಯುತ್ತಿದ್ದರು. ಕಾಲು ಊನವಾಗಿದ್ದ ಈ ಬಡ ಮುದುಕರು ಗುಡ್ಡದ ಮೇಲೆ ಚಿಕ್ಕ ಮನೆಯೊಂದರಲ್ಲಿದ್ದುಕೊಂಡು, ಸುತ್ತಮುತ್ತಲ ಹಳ್ಳಿಗಳ ಕುಣಿತದ ಕೂಟಗಳಿಗೆ ಪಿಟೀಲು ಬಾರಿಸಲು ಹೋಗುತ್ತಿದ್ದರು. ಸೋದರಳಿಯ ಹಿಂದೆ ಕುಳಿತು ಲಯ ಹಿಡಿಯುವನು. ಕುಣಿಯುವವರ ಹೆಜ್ಜೆ ತಪ್ಪದಂತೆ ಬಿಲ್ಲನ್ನು ಎಲ್ಲಿ ಒತ್ತಬೇಕು, ಎಲ್ಲಿ ಸಡಿಲಿಸಬೇಕು ಎಂಬ ಗುಟ್ಟು ಬಿಲ್ ಅವರಿಗೆ ತಿಳಿದದ್ದು ಅಲ್ಲಿ. ಇನ್ನೊಬ್ಬ ಗುರು ಆರ್ನಲ್ಡ್ ಷುಲ್ಟ್ಸ್ ಎಂಬ ನೀಗ್ರೋ ಜನಾಂಗದ ಗಿಟಾರ್ ವಾದಕರು. ಕಲ್ಲಿದ್ದಲ ಗಣಿಯ ಕೂಲಿ. ಬಿಳಿಯರೂ ಕರಿಯರೂ ಒಂದು ಬೆಂಚಿನಲ್ಲಿ ಕೂರದಿದ್ದ ಆ ಕಾಲದಲ್ಲಿ, ಆ ನಾಡಿನಲ್ಲಿ, ಹುಡುಗ ಬಿಲ್ ಇವರ ಜೊತೆಗೆ ಕುಣಿತದ ಕೂಟಗಳಲ್ಲಿ ಬಾರಿಸಿದರು. ದುಃಖವನ್ನು ಸ್ವರದ ಅಂಚಿನಲ್ಲಿ ಜಾರಿಸುವ ಕರಿಯರ ಬ್ಲೂಸ್ ಧಾಟಿ ಬಿಲ್ ಅವರ ಗಾನದಲ್ಲಿ ಸೇರಿದ್ದು ಹೀಗೆ. ಷುಲ್ಟ್ಸ್ 1931ರಲ್ಲಿಯೂ ಪೆನ್ ಮಾವ 1932ರಲ್ಲಿಯೂ ತೀರಿಕೊಂಡರು. ಇಬ್ಬರ ಬಗೆಗೂ ಬಿಲ್ ಅವರು ಜೀವನದುದ್ದಕ್ಕೂ ಕೃತಜ್ಞತೆಯಿಂದ ಹೇಳುತ್ತಿದ್ದರೆಂಬುದನ್ನು ಇಲ್ಲಿ ಬರೆದಿಡಬೇಕು. ಗುರುವಿನ ಹೆಸರನ್ನು ನುಂಗಿಹಾಕುವ ವಿದ್ವಾಂಸರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

1929ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಬಿಲ್ ಅವರೂ ಊರು ಬಿಟ್ಟರು. ಷಿಕಾಗೋ ನಗರದ ಪಕ್ಕದಲ್ಲಿ, ಇಂಡಿಯಾನಾ ಸಂಸ್ಥಾನದ ಕೈಗಾರಿಕಾ ಪ್ರದೇಶದಲ್ಲಿ, ಎಣ್ಣೆ ಶುದ್ಧೀಕರಿಸುವ ಕಾರ್ಖಾನೆಯೊಂದಿತ್ತು. ಅಣ್ಣಂದಿರು ಆ ಕಡೆಯೇ ಇದ್ದರು. ತಮ್ಮನಿಗೆ ಸಿಕ್ಕಿದ ಕೆಲಸ ಖಾಲಿ ಪೀಪಾಯಿಗಳನ್ನು ತೊಳೆದು ಪೇರಿಸುವುದು. ನಮ್ಮ ಚೆಂಬೂರು ಮಾಹುಲ್ ಕಡೆಯ ವಾಚಕರಿಗೆ ಆ ವಾಸನೆಯ ಪರಿಚಯವುಂಟು. ಅಮೆರಿಕದ ದಕ್ಷಿಣದ ಬೆಟ್ಟಗಾಡುಗಳಿಂದ ಸಹಸ್ರಾರು ಜನ ಹೀಗೆ ಉತ್ತರದ ಕಾರ್ಖಾನೆಗಳಿಗೆ ಬಂದಿದ್ದರು. ಅವರ ಮಾತಿನ ಧಾಟಿಯನ್ನು ಕೇಳಿ ನಗರದವರು ನಗುತ್ತಿದ್ದರು. ಶನಿವಾರ ರಾತ್ರಿ ಮಾತ್ರ ಯಾರಾದರೊಬ್ಬರ ಕೊಠಡಿಯಲ್ಲಿ ಎಲ್ಲರೂ ಸೇರಿ, ಊರಿನ ಹಾಡು, ಊರಿನ ಕುಣಿತ. ಮನ್ರೋ ಸಹೋದರರು ಇಂಥ ಕೂಟಗಳಲ್ಲಿ ಬಾರಿಸಿ ಹೆಸರಾದರು. 1934ರಲ್ಲಿ ರೇಡಿಯೊದಲ್ಲಿ ಪೂರ್ಣಾವಧಿ ಹಾಡುವ ಅವಕಾಶ ಬಂದಾಗ ಚಾರ್ಲಿ, ಬಿಲ್ ಇಬ್ಬರೂ ಕಾರ್ಖಾನೆಯನ್ನು ಬಿಟ್ಟರು. ಹಿರಿಯರಾದ ಬರ್ಚ್ ಮಾತ್ರ ತಿಂಗಳ ಸಂಬಳವನ್ನೇ ನೆಚ್ಚಿಕೊಂಡು ಅಲ್ಲಿಯೇ ಉಳಿದರು. ಬ್ಯಾಂಕಿನಲ್ಲಿ ಕುಳಿತ ನಾವು ಅವರನ್ನು ದೂರಲಾರೆವು.

ಇಬ್ಬರು ಸಹೋದರರನ್ನು ರೇಡಿಯೊದಲ್ಲಿ ಹಾಡಿಸಿದ್ದು, ಹಾಸ್ಯವೆಂದು ತಿಳಿಯಬಾರದು, ಮಲಬದ್ಧತೆಗೆ ಮದ್ದು ಮಾರುವ ಕಂಪನಿಗಳು. ಟೆಕ್ಸಸಿನ ಖನಿಜ ಜಲದಿಂದ ತೆಗೆದ ಲವಣದ ಪುಡಿಯನ್ನು ಆ ಕಾಲದ ಹಳ್ಳಿಗರಿಗೆ ಮಾರಲು ಹಾಡಿಗಿಂತ ಒಳ್ಳೆಯ ದಲ್ಲಾಳಿ ಇರಲಿಲ್ಲ. ಹೀಗೆ ಅಯೋವಾದಿಂದ ನೆಬ್ರಾಸ್ಕಾ, ಅಲ್ಲಿಂದ ಕೆರೊಲೈನಾ ಸಂಸ್ಥಾನಗಳವರೆಗೆ ಅವರ ದನಿ ಸಾಗಿತು. 1936ರ ಫೆಬ್ರುವರಿಯಿಂದ ಎರಡು ವರ್ಷಗಳಲ್ಲಿ ಅರುವತ್ತು ಹಾಡುಗಳನ್ನು ತಟ್ಟೆಗಳಿಗೆ ಹಾಡಿಕೊಟ್ಟರು. ಆದರೆ ಅಣ್ಣತಮ್ಮಂದಿರ ನಡುವೆ ಸರಿಬರಲಿಲ್ಲ. ನಾಲ್ಕು ತಂತಿ ತೆಗೆಸಿಕೊಂಡ ತಮ್ಮ ಈಗ ಎಂಟು ತಂತಿಗಳನ್ನೂ ಮಿಂಚಿನ ವೇಗದಲ್ಲಿ ಮೀಟುತ್ತಿದ್ದ; ಯಜಮಾನಿಕೆ ಮಾತ್ರ ಇನ್ನೂ ಅಣ್ಣನದೇ. 1938ರಲ್ಲಿ ಬೇರೆಯಾದರು.

ಅದೇ ವರ್ಷ ಬಿಲ್ ಅವರು ಸ್ವಂತ ತಂಡ ಕಟ್ಟಿ ಅದಕ್ಕೆ ಬ್ಲೂಗ್ರಾಸ್ ಬಾಯ್ಸ್ ಎಂದು ಹೆಸರಿಟ್ಟರು. ಕೆಂಟಕಿಗೆ ಬ್ಲೂಗ್ರಾಸ್ ಸಂಸ್ಥಾನವೆಂದು ಅಡ್ಡಹೆಸರು. ಅಲ್ಲಿನ ಒಂದು ಜಾತಿಯ ಹುಲ್ಲಿನಿಂದ ಬಂದದ್ದು. ಆ ಹುಲ್ಲುಗಾವಲಿನ ಸೀಮೆ, ಕುದುರೆ ಸಾಕುವ ಶ್ರೀಮಂತರ ಸೀಮೆ, ಇರುವುದು ರೋಸೀನಿಗೆ ಬಹು ದೂರ, ಸಂಸ್ಥಾನದ ನಡುಭಾಗದಲ್ಲಿ. ಆದರೂ ಹೊರಗೆ ಬಂದವನಿಗೆ ತನ್ನ ಹಳ್ಳಿಯ ಹೆಸರು ಹೇಳಿದರೆ ಯಾರಿಗೂ ತಿಳಿಯದು. ಇಡೀ ಸಂಸ್ಥಾನವೇ ಅವನ ಊರಾಗುತ್ತದೆ. ಮುಂಬಯಿಯಲ್ಲಿ ನಾವು ಕುಂದಾಪುರದವರು, ಗದುಗಿನವರು, ತುಮಕೂರಿನವರು ಎನ್ನುವುದನ್ನು ಬಿಟ್ಟು ಕನ್ನಡದವರು ಎಂದಾದಂತೆ.

1939ರ ಅಕ್ಟೋಬರಿನಲ್ಲಿ ನ್ಯಾಷ್‌ವಿಲ್ ನಗರದ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಶನಿವಾರ ರಾತ್ರಿಯ ರೇಡಿಯೊ ಕಾರ್ಯಕ್ರಮಕ್ಕೆ ಪರೀಕ್ಷೆ ಕೊಟ್ಟು ಸೇರಿದರು. ಆ ರೇಡಿಯೊ ಕೇಂದ್ರದ ಒಡೆತನ ಒಂದು ಜೀವವಿಮೆಯ ಕಂಪನಿಯದು. ರಾತ್ರಿ ಹಾಡು ಕೇಳಿದ ಮನೆಗಳ ಬಾಗಿಲನ್ನು ಹಗಲು ಏಜಂಟರು ತಟ್ಟುತ್ತಿದ್ದರು. ವಾಣಿಜ್ಯ ಪದವೀಧರರಾದ ನಮಗೆ ಇದು ಬಲು ರುಚಿಯ ವಿಷಯವಾದರೂ ಮುಂದೆ ಸಾಗೋಣ. ಬಿಲ್ ಅವರು ತಾವಾಗಿ ಬಿಡುವವರೆಗೆ ಅಲ್ಲಿ ಅವರ ಸ್ಥಾನಕ್ಕೆ ಚ್ಯುತಿಯಿಲ್ಲವೆಂದು ಕಾರ್ಯಕ್ರಮದ ನಿರ್ವಾಹಕರು ಭರವಸೆ ಕೊಟ್ಟರಂತೆ. ಬಿಲ್ ಅವರು ಬಿಡಲಿಲ್ಲ. ಐವತ್ತಾರು ವರ್ಷಕ್ಕೂ ಮಿಕ್ಕಿ ಅಲ್ಲಿ ಹಾಡಿದರು.

ಆಗ ರೇಡಿಯೊದ ಹಳ್ಳಿಗಾಯಕರು ಹರಿದ ಟೋಪಿ, ತೇಪೆ ಹಾಕಿದ ಷರಾಯಿ ತೊಟ್ಟು ಗಮಾರರ ವೇಷದಲ್ಲಿ ಬರುವ ವಾಡಿಕೆಯಿತ್ತು. ನಗರದವರಿಗೆ ಅದೇ ಬೇಕಾಗಿತ್ತು. ಬಿಲ್ ಅವರು ಒಪ್ಪಲಿಲ್ಲ. ತಂಡದವರಿಗೆಲ್ಲ ಸವಾರಿಯ ಉಡುಪು, ಬೂಟು, ಟೈ, ಒಳ್ಳೆಯ ಟೋಪಿ. ತಮ್ಮ ಊರಿನವರನ್ನು ತಾವೇ ಹಾಸ್ಯಕ್ಕೆ ಗುರಿಮಾಡಬಾರದೆಂಬ ಈ ಹಟ ನಮಗೆ ಅವರ ಸಂಗೀತದಷ್ಟೇ ದೊಡ್ಡದಾಗಿ ಕಾಣುತ್ತದೆ.

ವಾರದ ಉಳಿದ ದಿನಗಳಲ್ಲಿ ತಿರುಗಾಟ. ನಮ್ಮ ಯಕ್ಷಗಾನದ ಡೇರೆ ಮೇಳಗಳಂತೆ ಅವರೂ 1940ರ ದಶಕದಲ್ಲಿ ಸ್ವಂತ ಡೇರೆ ಹೊತ್ತು ಊರೂರಿಗೆ ಹೋಗುತ್ತಿದ್ದರು. ಬೇಸ್‌ಬಾಲ್ ಆಟದಲ್ಲಿ ಅವರಿಗೆ ವಿಪರೀತ ಆಸಕ್ತಿ. ಹಗಲು ಊರಿನ ತಂಡದೊಡನೆ ಆಟ, ರಾತ್ರಿ ಡೇರೆಯಲ್ಲಿ ಹಾಡು! ಆಟ ನೋಡಲು ಬಂದವರು ಹಾಡಿಗೂ ಬರುತ್ತಿದ್ದರು. ಶನಿವಾರ ಮಾತ್ರ ಎಷ್ಟೇ ದೂರವಿದ್ದರೂ ಮೋಟಾರು ಓಡಿಸಿಕೊಂಡು ನ್ಯಾಷ್‌ವಿಲ್ಲಿಗೆ ಹಿಂದಿರುಗಲೇಬೇಕು. ಇದೇ ದಶಕದಲ್ಲಿ ಫ್ಲಾರಿಡಾದ ಒಂದು ಕ್ಷೌರದಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದ ಹಳೆಯ ಮ್ಯಾಂಡೊಲಿನ್ನೊಂದು ಅವರ ಕಣ್ಣಿಗೆ ಬಿತ್ತು. 150 ಡಾಲರಿಗೆ ಕೊಂಡರೆಂದು ಪ್ರತೀತಿ. ಗಿಬ್ಸನ್ ಕಾರ್ಖಾನೆಯ ಆ ವಾದ್ಯದೊಳಗೆ ಅದನ್ನು ಪರೀಕ್ಷಿಸಿದ ಲಾಯ್ಡ್ ಲೋರ್ ಅವರ ರುಜು, 1923ರ ಜುಲೈ 9ರ ತಾರೀಖು ಇದ್ದವು. ಬಿಲ್ ಅವರು ಮುಂದೆ ಅರ್ಧ ಶತಮಾನ ಅದನ್ನು ಕೈಬಿಡಲಿಲ್ಲ.

1945ರಲ್ಲಿ ಲೆಸ್ಟರ್ ಫ್ಲಾಟ್ ಎಂಬ ಗಿಟಾರ್ ಗಾಯಕರು ತಂಡಕ್ಕೆ ಬಂದರು. ವರ್ಷದ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ಇಪ್ಪತ್ತೊಂದರ ತರುಣ. ಇಬ್ಬರೂ ಹಿಂದೆ ಗಿರಣಿಗಳಲ್ಲಿ ದುಡಿದವರು. ಸ್ಕ್ರಗ್ಸ್ ಅವರು ಬ್ಯಾಂಜೊ ವಾದ್ಯವನ್ನು ಮೂರು ಬೆರಳಿನಿಂದ ಮೀಟುವ ಕ್ರಮಕ್ಕೆ ಆ ದಿನದವರೆಗೆ ನ್ಯಾಷ್‌ವಿಲ್ಲಿನವರು ಕೇಳದಿದ್ದ ಓಟವನ್ನು ಕೊಟ್ಟರು. ಸೋನೆ ಮಳೆ ಹಂಚಿನ ಮೇಲೆ ಬಿದ್ದಂತೆ ಸ್ವರಗಳು ಸುರಿಯುತ್ತಿದ್ದವು. ಚಬ್ಬಿ ವೈಸ್ ಅವರ ಪಿಟೀಲು, ಹೋವರ್ಡ್ ವಾಟ್ಸ್ ಅವರ ದೊಡ್ಡ ಬೇಸ್. ಡೋಲಿಲ್ಲ, ತಬಲವಿಲ್ಲ, ವಿದ್ಯುತ್ತಿನ ವಾದ್ಯವೂ ಇಲ್ಲ. ತಾಳ ಹಿಡಿಯುವುದು ಮ್ಯಾಂಡೊಲಿನ್ನಿನ ಒಂದು ತುಂಡು ಪೆಟ್ಟು. ಎಲ್ಲರೂ ಒಂದೇ ಮೈಕಿನ ಸುತ್ತ ನಿಂತು, ತನಿ ನುಡಿಸುವ ಸರದಿ ಬಂದವನು ಮುಂದೆ ಸರಿದು, ಮುಗಿಸಿದವನು ಭುಜ ತಾಗದಂತೆ ಹಿಂದೆ ಸರಿದು, ನಡೆಸುವ ಆ ಚಲನೆಯೇ ಒಂದು ಕುಣಿತ. 1946ರ ಸೆಪ್ಟೆಂಬರಿನಲ್ಲಿ ಈ ಐವರು ಷಿಕಾಗೋದಲ್ಲಿ ಧ್ವನಿಮುದ್ರಣ ಮಾಡಿದರು. ಹದಿನೇಳು ವರ್ಷಗಳ ಹಿಂದೆ ಬಿಲ್ ಅವರು ಪೀಪಾಯಿ ತೊಳೆಯಲು ಬಂದಿಳಿದ ಜಾಗಕ್ಕೆ ಅದು ಕೂಗಳತೆ. ಬ್ಲೂ ಮೂನ್ ಆಫ್ ಕೆಂಟಕಿ ಎಂಬ ಅವರ ಹೆಸರಾಂತ ಹಾಡು ಆಗಿನದು.

ಈ ಐವರ ಕೂಟ ಎರಡು ವರ್ಷ ಮಾತ್ರ ಉಳಿಯಿತು. ವಾರಗಟ್ಟಲೆ ನಿದ್ದೆಗೆಟ್ಟ ಪ್ರಯಾಣ, ವಾರದ ಲೆಕ್ಕದ ಕೂಲಿ. ಹಾಡು ಯಾರದಾದರೂ ಹೆಸರು ಯಜಮಾನರದು. 1948ರಲ್ಲಿ ಫ್ಲಾಟ್ ಮತ್ತು ಸ್ಕ್ರಗ್ಸ್ ಕೆಲಸ ಬಿಟ್ಟು ತಮ್ಮದೇ ತಂಡ ಕಟ್ಟಿದರು. ಅದೇ ಸುಮಾರಿಗೆ ವರ್ಜೀನಿಯಾದ ಸ್ಟ್ಯಾನ್ಲಿ ಸಹೋದರರು ಬಿಲ್ ಅವರ ಹಾಡೊಂದನ್ನು, ಬಿಲ್ ಅವರ ತಟ್ಟೆ ಹೊರಬರುವ ಮೊದಲೇ, ಅದೇ ಧಾಟಿಯಲ್ಲಿ ತಟ್ಟೆಗೆ ಹಾಡಿದರು. ಬಿಲ್ ಅವರಿಗೆ ಇದೆಲ್ಲ ಕಳ್ಳತನವಾಗಿ ಕಂಡಿತು. ಸ್ಟ್ಯಾನ್ಲಿಯವರನ್ನು ಸೇರಿಸಿಕೊಂಡ ತಟ್ಟೆಯ ಕಂಪನಿಯನ್ನೇ ತೊರೆದರು. ಫ್ಲಾಟ್ ಮತ್ತು ಸ್ಕ್ರಗ್ಸ್ ಅವರು ಆಪ್ರಿಗೆ ಕಾಲಿಡದಂತೆ ತಡೆಯಲು ಬಹಳ ಹೆಣಗಿದರು. ಕೊನೆಗೆ 1955ರಲ್ಲಿ ಮಾರ್ತಾ ವೈಟ್ ಎಂಬ ಹಿಟ್ಟಿನ ಕಂಪನಿಯ ಹಣದ ಬಲ ಗೆದ್ದಿತು. ಅನಂತರ ವರ್ಷಾನುಗಟ್ಟಲೆ ಒಂದೇ ವೇದಿಕೆಯ ಹಿಂದೆ ಎದುರುಬದುರಾದರೂ ಮಾತಿಲ್ಲ. ಇಷ್ಟು ದೊಡ್ಡ ಕಲಾವಿದರಲ್ಲಿ ಇಂಥ ಸಣ್ಣತನವೇ ಎನಿಸುತ್ತದೆ. ಆದರೆ ತಾಯ್ತಂದೆಯರು ಹೋಗಿ, ಅಣ್ಣಂದಿರು ಬಿಟ್ಟುಹೋಗಿ, ಬರಿದಾದ ಮನೆಯಲ್ಲಿ ಬೆಳೆದವರಿಗೆ, ಹೊರಟುಹೋಗುವವರನ್ನು ಕಂಡರೆ ಏನಾಗುತ್ತದೆಂಬುದನ್ನು ತುಂಬಿದ ಮನೆಯಲ್ಲಿ ಬೆಳೆದ ನಾವು ಅಳೆಯಲಾರೆವು.

ಗೃಹಜೀವನವೂ ಸುಖವಾಗಿರಲಿಲ್ಲ, 1960ರಲ್ಲಿ ವಿವಾಹ ವಿಚ್ಛೇದನವಾಯಿತು. 1953ರಲ್ಲಿ ಮೋಟಾರು ಅಪಘಾತದಲ್ಲಿ ಮೂಳೆಗಳು ಮುರಿದು ತಿಂಗಳುಗಟ್ಟಲೆ ಮಲಗಿದರು. 1954ರಲ್ಲಿ ಎಲ್ವಿಸ್ ಪ್ರೆಸ್ಲಿ ಎಂಬ ಹತ್ತೊಂಬತ್ತರ ಹುಡುಗ ತನ್ನ ಮೊದಲ ತಟ್ಟೆಯ ಒಂದು ಮಗ್ಗುಲಿಗೆ ಬ್ಲೂ ಮೂನ್ ಆಫ್ ಕೆಂಟಕಿಯನ್ನು ಹಾಡಿದ. ಮೂರೆಣಿಕೆಯ ನಿಧಾನದ ಹಾಡನ್ನು ನಾಲ್ಕೆಣಿಕೆಯ ಕುಣಿತವಾಗಿ ಮಾರ್ಪಡಿಸಿ. ಈ ಸಲ ಬಿಲ್ ಅವರು ಸಿಟ್ಟಾಗಲಿಲ್ಲ! ತಾವೂ ಅದೇ ವರ್ಷ ಆ ಹಾಡನ್ನು ನಿಧಾನದಲ್ಲಿ ಆರಂಭಿಸಿ ಚುರುಕಿಗೆ ತಿರುಗಿಸಿ ಮತ್ತೆ ಹಾಡಿದರು. ಕರ್ತೃವಿಗೆ ಸಲ್ಲುವ ಹಣವೂ ಚೆನ್ನಾಗಿ ಬಂತೆಂದು ತೋರುತ್ತದೆ. ಆದರೆ ಪ್ರೆಸ್ಲಿಯ ಹಿಂದೆ ಬಂದ ರಾಕ್ ಸಂಗೀತದ ಹೊನಲಿನಲ್ಲಿ ಪಿಟೀಲು ಬ್ಯಾಂಜೊಗಳನ್ನು ಕೇಳುವವರು ಕಡಮೆಯಾದರು. ತಂಡಕ್ಕೆ ಸಂಬಳ ಕೊಡುವುದೇ ದುಸ್ತರವಾಗಿದ್ದ ವರ್ಷಗಳು ಅವು.

ಆಗ ಅವರ ಕೈ ಹಿಡಿದದ್ದು ಬಯಲು. ಪೆನ್ಸಿಲ್ವೇನಿಯಾ, ಮೇರಿಲೆಂಡ್ ಸಂಸ್ಥಾನಗಳ ಹಳ್ಳಿಗಾಡಿನಲ್ಲಿ ಮರದ ತೋಪುಗಳ ನಡುವೆ ಬೆಂಚು ಹಾಕಿ ಭಾನುವಾರಗಳಲ್ಲಿ ಕಚೇರಿ ನಡೆಸುವ ಜಾಗಗಳಿದ್ದವು. ದಕ್ಷಿಣದಿಂದ ಬಾಲ್ಟಿಮೋರ್ ಮುಂತಾದ ನಗರಗಳಿಗೆ ದುಡಿಯಲು ಬಂದ ಸಂಸಾರಗಳು ಬುತ್ತಿ ಕಟ್ಟಿಕೊಂಡು, ಮಕ್ಕಳುಮರಿಗಳೊಡನೆ ಬಂದು ಇಡೀ ದಿನ ಕುಳಿತಿರುತ್ತಿದ್ದರು. ಅಂಥ ಒಂದು ತೋಪಿನಲ್ಲಿ ಅವರ ಹಾಡು ಕೇಳಿದವರಲ್ಲಿ ರಾಲ್ಫ್ ರಿನ್ಜ್ಲರ್ ಎಂಬ ವಿದ್ಯಾವಂತ ಯುವಕರೂ ಒಬ್ಬರು. ಆ ವೇಳೆಗೆ ಈ ಸಂಗೀತಕ್ಕೆ ಬಿಲ್ ಅವರ ತಂಡದ ಹೆಸರಿನಿಂದ ಬ್ಲೂಗ್ರಾಸ್ ಎಂಬ ಹೆಸರೇ ನಿಂತುಬಿಟ್ಟಿತ್ತು. ಆದರೆ ನಗರದವರಿಗೆ ಗೊತ್ತಿದ್ದುದು ಫ್ಲಾಟ್ ಮತ್ತು ಸ್ಕ್ರಗ್ಸ್ ಅವರು ಮಾತ್ರ. 1963ರಲ್ಲಿ ರಿನ್ಜ್ಲರ್ ಅವರು ಪತ್ರಿಕೆಯಲ್ಲಿ ಲೇಖನ ಬರೆದು ಇದರ ಮೂಲಪುರುಷರು ಯಾರೆಂಬುದನ್ನು ಲೋಕಕ್ಕೆ ತಿಳಿಸಿದರು. ಅವರ ವ್ಯವಹಾರವನ್ನೂ ವಹಿಸಿಕೊಂಡು ಕಾಲೇಜುಗಳಲ್ಲಿ ಹಾಡಿಸಿದರು.

ಮತ್ತೆ 1965ರ ಸೆಪ್ಟೆಂಬರ್. ಕಾರ್ಲ್‌ಟನ್ ಹೇನಿ ಎಂಬ ಕಾರ್ಯಕ್ರಮ ವ್ಯವಸ್ಥಾಪಕರು ವರ್ಜೀನಿಯಾದ ಫಿನ್‌ಕ್ಯಾಸ್ಲ್ ಎಂಬಲ್ಲಿ, ಕುದುರೆ ಸಾಕುವ ಒಂದು ಫಾರ್ಮಿನ ಬಯಲಿನಲ್ಲಿ, ಬರಿಯ ಬ್ಲೂಗ್ರಾಸ್ ಗಾನದ್ದೇ ಹಲವು ದಿನಗಳ ಉತ್ಸವವೊಂದನ್ನು ನಡೆಸಿದರು. ಈ ಬಗೆಯದು ಅದೇ ಮೊದಲು. ಭಾನುವಾರದಂದು ಬಿಲ್ ಅವರ ಸಂಗೀತದ ಚರಿತ್ರೆಯನ್ನು ಹೇಳುತ್ತ, ಹಿಂದೆ ಅವರ ತಂಡದಲ್ಲಿದ್ದು ಬಿಟ್ಟುಹೋದವರನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆದು, ಅವರವರ ಕಾಲದ ಹಾಡನ್ನು ಬಿಲ್ ಅವರೊಡನೆ ಹಾಡಿಸಿದರು. ಕ್ಲೈಡ್ ಮೂಡಿ ಬಂದರು, ಮ್ಯಾಕ್ ವೈಸ್‌ಮನ್ ಬಂದರು, ಡಾನ್ ರೀನೋ, ಜಿಮ್ಮಿ ಮಾರ್ಟಿನ್ ಬಂದರು. ಯಾರ ತಟ್ಟೆಯನ್ನು ಕೇಳಿ ಬಿಲ್ ಅವರು ಸಿಡಿಮಿಡಿಗೊಂಡಿದ್ದರೋ ಆ ಕಾರ್ಟರ್ ಸ್ಟ್ಯಾನ್ಲಿಯವರೂ ಬಂದರು. 1951ರಲ್ಲಿ ಅವರೂ ಕೆಲಕಾಲ ಬಿಲ್ ಅವರ ಆಳಾಗಿ ಹಾಡಿದ್ದರು. ಫ್ಲಾಟ್ ಮತ್ತು ಸ್ಕ್ರಗ್ಸ್ ಇಬ್ಬರು ಮಾತ್ರ ಇರಲಿಲ್ಲ. ಹದಿನೇಳು ವರ್ಷ ಯಾರನ್ನು ಕದ್ದುಹೋದವರೆಂದು ಬಿಲ್ ಅವರು ಎಣಿಸಿದ್ದರೋ ಅಂಥವರು, ಆ ಬಯಲಿನಲ್ಲಿ ಅವರ ಪಕ್ಕದಲ್ಲಿ ನಿಂತಾಗ, ಬೇರೆ ಬೇರೆ ಊರಿನಲ್ಲಿ ಸಂಸಾರ ಹೂಡಿದ ಮಕ್ಕಳಂತೆ ಕಂಡರು. ಅವರು ಬಿಟ್ಟುಹೋಗದಿದ್ದರೆ ಅದು ಒಂದು ತಂಡದ ಹಾಡಾಗಿ ಉಳಿಯುತ್ತಿತ್ತು; ಹೋದುದರಿಂದಲೇ ಪದ್ಧತಿಯಾಯಿತು. ಇದನ್ನು ಬಿಲ್ ಅವರು ಬಾಯಿಬಿಟ್ಟು ಒಪ್ಪಿದರೋ ಇಲ್ಲವೋ, ಆ ಬಳಿಕ ಅವರ ನಡತೆ ಮಾತ್ರ ಮೆದುವಾಯಿತು.

ಇಂಡಿಯಾನಾ ಸಂಸ್ಥಾನದ ಬೀನ್ ಬ್ಲಾಸಂ ಎಂಬಲ್ಲಿ 1950ರ ದಶಕದ ಆರಂಭದಲ್ಲಿಯೇ ಅವರು ಕಣಜದಂಥ ಹಾಡುಮನೆಯಿದ್ದ ಒಂದು ತೋಪನ್ನು ಕೊಂಡಿದ್ದರು. ಅಣ್ಣ ಬರ್ಚ್ ಅದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. 1967ರ ಜೂನಿನಲ್ಲಿ ಅಲ್ಲಿ ತಮ್ಮದೇ ಉತ್ಸವ ಆರಂಭಿಸಿದರು. ನಮ್ಮ ಮಿತ್ರರ ಮನೆಯಲ್ಲಿ ಕಂಡ ಚಿತ್ರವನ್ನು ನೆನೆದು, ಓದಿದ್ದನ್ನು ಸೇರಿಸಿ, ಅಲ್ಲಿನ ಸೊಬಗನ್ನು ಎರಡು ಮಾತಿನಲ್ಲಿ ಹೇಳುತ್ತೇವೆ.

ಜನ ಡೇರೆ, ವ್ಯಾನುಗಳೊಡನೆ ಬಂದು ಮರಗಳ ಕೆಳಗೆ ಬಿಡಾರ ಹೂಡುತ್ತಾರೆ. ಬೆಳಿಗ್ಗೆಯೇ ಮಡಿಸುವ ಕುರ್ಚಿಯನ್ನು ವೇದಿಕೆಯ ಮುಂದಿಟ್ಟು ಹೋದರೆ ಸಂಜೆಯವರೆಗೂ ಅದನ್ನು ಯಾರೂ ಸರಿಸುವುದಿಲ್ಲ. (ನಮ್ಮ ಲೋಕಲ್ ಗಾಡಿಯಲ್ಲಿ ಕರವಸ್ತ್ರ ಹಾಕಿ ಜಾಗ ಹಿಡಿಯುವವರು ಈ ನಾಗರಿಕತೆಯನ್ನು ಗಮನಿಸಬೇಕು.) ಆದರೆ ವಿಶೇಷವಿರುವುದು ವೇದಿಕೆಯ ಮೇಲಲ್ಲ, ಬಿಡಾರಗಳಲ್ಲಿ. ಕೇಳಲು ಬಂದವರಲ್ಲಿ ಬಹುಮಂದಿ ವಾದ್ಯ ಹೊತ್ತು ಬಂದವರೇ. ಗಾಡಿ ನಿಲ್ಲಿಸುವ ಜಾಗದಲ್ಲಿ ಒಬ್ಬ ಬ್ಯಾಂಜೊ ತೆಗೆದರೆ, ಹೆಸರು ಕೂಡ ಕೇಳದೆ ನಾಲ್ವರು ಬಂದು ಸುತ್ತ ನಿಲ್ಲುತ್ತಾರೆ. ಬಡಗಿ, ವೈದ್ಯ, ಶಾಲೆಯ ಹುಡುಗ, ಪಿಂಚಣಿಯ ಮುದುಕ. ಪ್ರತಿಯೊಬ್ಬರಿಗೂ ತನಿಯ ಒಂದು ಸರದಿ. ಬಾರದವನು ತಲೆಯಾಡಿಸಿ ಸರದಿಯನ್ನು ಮುಂದಿನವನಿಗೆ ದಾಟಿಸಬಹುದು, ಅದರಲ್ಲಿ ಅವಮಾನವಿಲ್ಲ. ರಾತ್ರಿ ಬಹಳ ಹೊತ್ತಿನ ತನಕ ಹೀಗೆ. ಪುಣೆಯಲ್ಲಿ ಗದುಗಿನ ಭೀಮಸೇನ ಜೋಶಿಯವರು ತಮ್ಮ ಗುರು ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗಾಗಿ 1953ರಲ್ಲಿ ಆರಂಭಿಸಿದ ಉತ್ಸವವನ್ನು ನಾವು ಚಪ್ಪರದ ಕೆಳಗೆ ಕುಳಿತು ಕೇಳಿದ್ದೇವೆ. ಅಲ್ಲಿಯ ಆನಂದ ಬೇರೆ, ಅಲ್ಲಿ ನಾವು ಕಿವಿ ಮಾತ್ರ. ಬೀನ್ ಬ್ಲಾಸಮಿನಲ್ಲಿ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಬಿಲ್ ಅವರು ಬಯಲಿಗಿಳಿದು, ವಾದ್ಯ ತಂದವರನ್ನೆಲ್ಲ ಕಲೆಹಾಕಿಕೊಂಡು ಒಟ್ಟಿಗೆ ನುಡಿಸುತ್ತಿದ್ದರು. ಅಪರಿಚಿತರನ್ನು ಕಂಡು ಓಡಿ ಅಡಗುತ್ತಿದ್ದ ಹುಡುಗ ಇವರೇ ಎಂಬುದನ್ನು ವಾಚಕರು ಮರೆತಿರಲಾರರು.

1971ರಲ್ಲಿ ಲೆಸ್ಟರ್ ಫ್ಲಾಟ್ ಅವರು ಬೀನ್ ಬ್ಲಾಸಮಿಗೆ ಬಂದರು. ಸ್ಕ್ರಗ್ಸ್ ಅವರಿಂದ ಅವರೂ ಬೇರೆಯಾಗಿ ಎರಡು ವರ್ಷವಾಗಿತ್ತು. ಇಪ್ಪತ್ತಮೂರು ವರ್ಷಗಳ ಮೌನದ ಬಳಿಕ ಇಬ್ಬರೂ ಕೈ ಕುಲುಕಿ, ಅದೇ ವೇದಿಕೆಯ ಮೇಲೆ ಹಳೆಯ ಹಾಡುಗಳನ್ನು ಕೂಡಿ ಹಾಡಿದರು. ಯಾರು ಯಾರ ಕ್ಷಮೆ ಕೇಳಿದರೆಂಬ ವಿಚಾರ ಬೇಡ. ಆ ಹೊತ್ತಿಗೆ ಬಿಲ್ ಅವರಿಗೆ ಅರುವತ್ತು ತುಂಬುತ್ತ ಬಂದಿತ್ತು.

ಮುಂದಿನದು ಸನ್ಮಾನಗಳ ಪಟ್ಟಿ. ಅದನ್ನು ಬೇಗ ಮುಗಿಸುತ್ತೇವೆ. 1970ರಲ್ಲಿ ನ್ಯಾಷ್‌ವಿಲ್ಲಿನ ಕಂಟ್ರಿ ಸಂಗೀತದ ಕೀರ್ತಿ ಮಂದಿರದಲ್ಲಿ ಸ್ಥಾನ, 1989ರಲ್ಲಿ ಗ್ರ್ಯಾಮಿ, 1995ರಲ್ಲಿ ಅಮೆರಿಕ ಸರಕಾರದ ಕಲಾ ಪದಕ. ಅವರ ತಂಡದಲ್ಲಿ ಬಂದುಹೋದವರ ಸಂಖ್ಯೆ 150ನ್ನು ಮೀರಿತ್ತು. ನ್ಯಾಷ್‌ವಿಲ್ ಬಳಿಯ ತಮ್ಮ ಹೊಲದಲ್ಲಿ ಅವರು ಹೇಸರಗತ್ತೆ ಕಟ್ಟಿ ಉಳುತ್ತಿದ್ದರು. ತಂಡದ ಹುಡುಗರಿಂದಲೂ ಬೇಲಿ ಕಟ್ಟಿಸುತ್ತಿದ್ದರು. ಕಚೇರಿಗೆ ಬಂದ ಚಿಕ್ಕ ಮಕ್ಕಳ ಕೈಯಲ್ಲಿ ಕಾಲು ಡಾಲರಿನ ನಾಣ್ಯವೊಂದನ್ನು ಇಡುವುದು ಮುದಿವಯಸ್ಸಿನ ಅಭ್ಯಾಸ. ಪೆನ್ ಮಾವನನ್ನು ಕುರಿತು 1950ರಲ್ಲಿ ಹಾಡಿದ ಹಾಡು ಅವರಿಗೆ ಎಲ್ಲಕ್ಕಿಂತ ಪ್ರಿಯ. 1973ರಲ್ಲಿ ರೋಸೀನಿನ ಸ್ಮಶಾನದಲ್ಲಿ ಮಾವನ ಸಮಾಧಿಗೆ ಕಲ್ಲು ನಿಲ್ಲಿಸಿದರು.

1985ರ ನವೆಂಬರಿನಲ್ಲಿ ಅವರು ಮನೆಯಲ್ಲಿಲ್ಲದಾಗ ಯಾರೋ ಒಳನುಗ್ಗಿ, ಅಗ್ಗಿಷ್ಟಿಕೆಯ ಕಬ್ಬಿಣದ ಸಲಾಕೆಯಿಂದ ಆ 1923ರ ಮ್ಯಾಂಡೊಲಿನ್ನನ್ನು ಹೊಡೆದು ಚೂರುಚೂರು ಮಾಡಿದರು. ಯಾರೆಂಬುದು ಗೊತ್ತಾಗಲಿಲ್ಲ. ಎಪ್ಪತ್ತನಾಲ್ಕರ ವೃದ್ಧರು ಚೂರುಗಳನ್ನು ಒಟ್ಟುಗೂಡಿಸಿ ಗಿಬ್ಸನ್ ಕಾರ್ಖಾನೆಗೆ ಕಳುಹಿಸಿದರು. ಅಲ್ಲಿಯ ಕುಶಲಿಗರು ಸೀಳು ಸೀಳನ್ನೂ ಹುಡುಕಿ ಅಂಟಿಸಿ, ತಿಂಗಳುಗಳ ಕೆಲಸದಿಂದ ಮತ್ತೆ ವಾದ್ಯವಾಗಿಸಿ ಕೊಟ್ಟರು. ಬಿಲ್ ಅವರು ಅದನ್ನು ಎತ್ತಿಕೊಂಡು ಮತ್ತೆ ಹತ್ತು ವರ್ಷ ಊರೂರು ತಿರುಗಿದರು.

1996ರ ವಸಂತದಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಸೆಪ್ಟೆಂಬರ್ 9ರಂದು, ಎಂಬತ್ತೈದು ತುಂಬಲು ನಾಲ್ಕು ದಿನಗಳಿರುವಾಗ, ಕಾಲವಾದರು. ಹದಿನೆಂಟರಲ್ಲಿ ಬಿಟ್ಟು ಬಂದಿದ್ದ ರೋಸೀನಿಗೆ ಅವರ ದೇಹವನ್ನು ಒಯ್ದು, ಮನೆಯವರೆಲ್ಲ ಮಲಗಿರುವ ಆ ಸ್ಮಶಾನದಲ್ಲಿಯೇ ಮಣ್ಣು ಮಾಡಿದರು. ಮ್ಯಾಂಡೊಲಿನ್ 2005ರಲ್ಲಿ ನ್ಯಾಷ್‌ವಿಲ್ಲಿನ ಕೀರ್ತಿ ಮಂದಿರವನ್ನು ಸೇರಿತು. ಬೀನ್ ಬ್ಲಾಸಮಿನ ಜೂನ್ ಉತ್ಸವ ಅವರ ಮರಣದಿಂದ ನಿಲ್ಲಲಿಲ್ಲ. ಜನ ಅದೇ ಬಯಲಿಗೆ ಮಡಿಸುವ ಕುರ್ಚಿಗಳನ್ನು ಹೊತ್ತುಕೊಂಡು, ಇನ್ನೊಂದು ಕೈಯಲ್ಲಿ ವಾದ್ಯದ ಪೆಟ್ಟಿಗೆಯನ್ನು ಹಿಡಿದುಕೊಂಡು ಬಂದರು.